ಮರಳಿನ ಮೇಲೆ ಅಂಗಿಯ ಗುರುತು

ಹೊಲಿಗೆ ಅಂಗಡಿಗೆ ಬರುವವರು ಬಟ್ಟೆಯ ಜೊತೆಗೆ ಮಾತನ್ನೂ ತಂದು ಹಾಕಿ ಹೋಗುತ್ತಾರೆ. ಬಟ್ಟೆಯನ್ನು ನಾಲ್ಕು ದಿನದಲ್ಲಿ ಹೊಲಿದು ವಾಪಸು ಕೊಡಬಹುದು. ಮಾತು ಮಾತ್ರ ನಮ್ಮ ಹತ್ತಿರವೇ ಉಳಿಯುತ್ತದೆ.

ನಮ್ಮ ಮನೆಯ ಮುಂದಿನ ಕೋಣೆಯೇ ನನ್ನ ಅಂಗಡಿ. ಬಾಗಿಲ ಪಕ್ಕ ಹೊಲಿಗೆ ಯಂತ್ರ, ಅದರಾಚೆ ಬಟ್ಟೆ ಕತ್ತರಿಸುವ ಮೇಜು, ಗೋಡೆಗೆ ಒಂದು ಉದ್ದ ಕನ್ನಡಿ. ಆ ಕನ್ನಡಿಯ ಮುಂದೆ ನಿಂತು ತಮ್ಮ ಸೊಂಟದ ಸುತ್ತಳತೆ ಕೇಳಿದವರಲ್ಲಿ ಅರ್ಧ ಜನ, ನನ್ನ ಟೇಪೇ ಸರಿಯಿಲ್ಲ ಎಂದು ಜಗಳ ಆಡಿದ್ದಾರೆ. ನನ್ನ ಗಂಡ ಬಸ್ಸುಗಳ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಅತ್ತೆ ನಮ್ಮ ಜೊತೆಯಲ್ಲೇ ಇದ್ದಾರೆ. ನಮಗೆ ಒಬ್ಬಳೇ ಮಗಳು. ನೆಟ್ಟಗೆ ನಡೆಯಲು ಕಲಿಯುವ ಮೊದಲೇ ಮಂಚದಿಂದ ನೆಲಕ್ಕೆ, ನೆಲದಿಂದ ಹೊಸ್ತಿಲಾಚೆಗೆ ಕುಪ್ಪಳಿಸುತ್ತಿದ್ದಳು ಎಂದು ಅತ್ತೆ ಅವಳನ್ನು ಮಿಡತೆ ಎಂದು ಕರೆದರು. ಶಾಲೆಯ ಹಾಜರಿ ಪುಸ್ತಕದಲ್ಲಿ ಬೇರೆ ಹೆಸರಿತ್ತು. ಮನೆಯಲ್ಲಿ ಯಾರೂ ಅದನ್ನು ಬಳಸಲಿಲ್ಲ.

ಈ ಮಿಡತೆಗೆ ಹದಿನೈದು ತುಂಬಿದಾಗ ನಮ್ಮ ಮನೆಯಲ್ಲಿ ಒಂದು ತಪ್ಪು ನಡೆಯಿತು. ಮಾಡಿದವಳು ನಾನು. ಹೆಣ್ಣು ಮಕ್ಕಳಿರುವ ಮನೆಯವರು ಸ್ವಲ್ಪ ಹೊತ್ತು ಕೆಲಸ ಬದಿಗಿಟ್ಟು ಕೇಳಬೇಕು ಎಂದು ಇದನ್ನು ಬರೆಯುತ್ತಿದ್ದೇನೆ.

ಅವಳ ಶಾಲೆಯ ಹಿಂದೆ ಮೈದಾನ, ಮೈದಾನದ ಮೂಲೆಯಲ್ಲಿ ಮರಳು ತುಂಬಿದ ಒಂದು ಗುಂಡಿ. ದೂರದಿಂದ ಓಡಿ ಬಂದು, ಬಿಳಿ ಹಲಗೆ ಮೆಟ್ಟಿ, ಆ ಮರಳಿಗೆ ಹಾರಬೇಕು. ಲಾಂಗ್ ಜಂಪ್ ಎಂದರೆ ಅಷ್ಟೇ. ಅದರಲ್ಲಿ ಅವಳನ್ನು ಮೀರಿಸುವ ಹುಡುಗಿ ಶಾಲೆಯಲ್ಲಿ ಇರಲಿಲ್ಲ. ಒಂದು ಸಂಜೆ ಆಟದ ಮೇಷ್ಟ್ರು ನಮ್ಮ ಅಂಗಡಿಯ ಬಾಗಿಲಿಗೇ ಬಂದರು. ಪಾಪದ ಮನುಷ್ಯ, ಹೆಂಗಸರ ಹೊಲಿಗೆ ಅಂಗಡಿ ಎಂದು ಒಳಗೆ ಕಾಲಿಡಲಿಲ್ಲ.

"ಅಮ್ಮಾ, ಮುಂದಿನ ತಿಂಗಳು ಆಯ್ಕೆ ಇದೆ. ನಾಲ್ಕು ಹುಡುಗಿಯರನ್ನ ಕ್ರೀಡಾ ಶಾಲೆಗೆ ತಗೋತಾರೆ. ಓದು, ಊಟ, ತರಬೇತಿ ಎಲ್ಲ ಅಲ್ಲೇ. ನಿಮ್ಮ ಮಗಳು ಆಗ್ತಾಳೆ. ನನಗೆ ನಂಬಿಕೆ ಇದೆ."

ಯಂತ್ರದ ಹಿಂದೆ ನಿಂತಿದ್ದ ಮಿಡತೆ ಉಸಿರು ಬಿಗಿ ಹಿಡಿದುಕೊಂಡಿದ್ದಳು. "ಅವರಪ್ಪನ್ನ ಕೇಳಿ ಹೇಳ್ತೀನಿ" ಎಂದೆ. ಅವರಪ್ಪ ಬಂದವರು, "ಹೋಗಲಿ ಬಿಡು, ಮಗು ಆಸೆ ಪಡ್ತಿದೆ" ಎಂದು ಸ್ನಾನಕ್ಕೆ ಹೋದರು. ಅಲ್ಲಿಗೆ ಮುಗಿಯಬೇಕಿತ್ತು.

ಆದರೆ ಓಣಿ ಸುಮ್ಮನಿರುತ್ತದೆಯೇ? ಮರುವಾರ ದಿನಸಿ ಅಂಗಡಿಯಾಕೆ ಲಂಗ ಹೊಲಿಸಲು ಬಂದಳು. ಕನ್ನಡಿಯ ಮುಂದೆ ಕೈ ಎತ್ತಿ ನಿಂತುಕೊಂಡೇ ಶುರು ಮಾಡಿದಳು.

"ಏನಮ್ಮಾ, ಊರಿಗೆಲ್ಲ ಬಟ್ಟೆ ಹೊಲಿಯೋಳು ನೀನು. ನಿನ್ನ ಮಗಳಿಗೆ ಮಾತ್ರ ಬಟ್ಟೆ ಸಾಲಲಿಲ್ವಾ?"

"ಯಾಕಕ್ಕಾ?"

"ಮೊಣಕಾಲು ಬಿಟ್ಕೊಂಡು ಓಡ್ತಿದ್ಲಲ್ಲ ನಿನ್ನೆ. ಮೈದಾನದ ಗೋಡೆ ಮೇಲೆ ಹತ್ತು ಜನ ಕೂತಿದ್ರು. ನಾನು ಕಂಡಿದ್ದು ಹೇಳ್ದೆ, ಬೇಜಾರು ಮಾಡ್ಕೋಬೇಡ."

ಬೇಜಾರು ಮಾಡಿಕೊಳ್ಳಬೇಡ ಎಂದು ಹೇಳಿ ಬೇಜಾರು ಮಾಡುವವರ ಅಳತೆ ತೆಗೆಯುವಾಗ ಟೇಪನ್ನು ಸ್ವಲ್ಪ ಬಿಗಿಯಾಗಿ ಹಿಡಿಯಬೇಕು ಅನ್ನಿಸುತ್ತದೆ. ಹಿಡಿಯಲಿಲ್ಲ. ಹಲ್ಲು ಕಿರಿದು ಕಳುಹಿಸಿದೆ. ಒಳಗೆ ಅತ್ತೆಗೆ ಎಲ್ಲ ಕೇಳಿಸಿತ್ತು.

"ನಾನು ಹೇಳಿದ್ರೆ ಕೆಟ್ಟವಳು. ಈಗ ಹೊರಗಿನವರೇ ಹೇಳಿದ್ರು, ಆಯ್ತಾ?" ಎಂದರು. "ಹೆಣ್ಣು ಹುಡುಗಿ ಹಾಗೆ ಹಾರಿದ್ರೆ ಗರ್ಭಕೋಶ ಜಾರುತ್ತೆ. ಬಿಸಿಲಲ್ಲಿ ಸುಟ್ಟು ಕರಕಲಾಗ್ತಾಳೆ. ಕಾಲು ಮುರಿದ್ರೆ ಯಾರು ಕಟ್ಕೋತಾರೆ?"

ಎರಡು ಮನೆ ಆಚೆ ಆರೋಗ್ಯ ಕೇಂದ್ರದ ನರ್ಸ್ ಇದ್ದಾರೆ. ಓಣಿಗೆಲ್ಲ ಅವರು ನರ್ಸಕ್ಕ. ಅಂದು ಸಂಜೆ ತಮ್ಮ ಬಿಳಿ ಕೋಟಿನ ಬಟನ್ ಹಾಕಿಸಲು ಬಂದಾಗ ಅತ್ತೆಯ ಮಾತನ್ನೇ ಅವರ ಮುಂದಿಟ್ಟೆ. ನರ್ಸಕ್ಕ ಒಳಗಿದ್ದ ಅತ್ತೆಗೂ ಕೇಳುವಂತೆ ನಕ್ಕರು.

"ಗರ್ಭಕೋಶ ಏನು ಜೇಬಲ್ಲಿಟ್ಟ ಚಿಲ್ಲರೆನಾ ಅಜ್ಜಿ, ಹಾರಿದ್ರೆ ಬೀಳೋಕೆ? ಏನೂ ಆಗಲ್ಲ. ಈ ವಯಸ್ಸಲ್ಲಿ ಓಡಿ ಹಾರಿದ್ರೆ ಮೂಳೆ ಗಟ್ಟಿಯಾಗುತ್ತೆ."

"ತಿಂಗಳ ದಿನಗಳಲ್ಲಿ?" ಎಂದು ನಾನು ತಗ್ಗಿದ ದನಿಯಲ್ಲಿ ಕೇಳಿದೆ. ಆ ದಿನಗಳಲ್ಲಿ ನಾನು ಅವಳನ್ನು ಮೈದಾನಕ್ಕೆ ಬಿಡುತ್ತಲೇ ಇರಲಿಲ್ಲ.

"ಅವಳಿಗೆ ಆಗುತ್ತೆ ಅನ್ಸಿದ್ರೆ ಆಡಲಿ. ಸುಸ್ತು ಅನ್ಸಿದ್ರೆ ಕೂರಲಿ. ನಿರ್ಧಾರ ಅವಳ ಮೈಯದ್ದು, ಓಣಿಯದ್ದಲ್ಲ. ತುಂಬ ನೋವು, ತುಂಬ ಸ್ರಾವ ಇದ್ರೆ, ಇಲ್ಲಾ ತಿಂಗಳುಗಟ್ಟಲೆ ನಿಂತೇ ಹೋದ್ರೆ ನಮ್ಮ ಕೇಂದ್ರಕ್ಕೆ ಕರ್ಕೊಂಡು ಬಾ. ಹೊಟ್ಟೆ ತುಂಬ ಊಟ ಹಾಕು. ಮೊಟ್ಟೆ, ಕಾಳು, ಹಣ್ಣು." ಕೋಟು ಮಡಚಿಕೊಂಡು ಎದ್ದವರು ಬಾಗಿಲಲ್ಲಿ ನಿಂತರು. "ನೀನು ಒಂದ್ಸಲ ಮೈದಾನಕ್ಕೆ ಹೋಗಿ ನೋಡಿದ್ದೀಯಾ? ಅವಳು ಹಾರೋದನ್ನ?"

"ಎಲ್ಲಿ ನರ್ಸಕ್ಕಾ, ನೋಡ್ತಿದ್ದೀರಲ್ಲ, ಕುತ್ತಿಗೆವರೆಗೆ ಕೆಲಸ."

"ಹೋಗು. ನೋಡಿದ ಮೇಲೆ ಓಣಿಯವರ ಮಾತು ಅಷ್ಟು ಜೋರಾಗಿ ಕೇಳಿಸಲ್ಲ."

ನಾನು ಹೋಗಲಿಲ್ಲ. ನೂರು ಹೆಜ್ಜೆ ದೂರದ ಮೈದಾನ. ಯಂತ್ರದ ಮುಂದೆ ಕೂತರೆ ಮಕ್ಕಳ ಕೂಗು ಕೇಳುತ್ತಿತ್ತು. ಆದರೂ ಹೋಗಲಿಲ್ಲ.

ಆಯ್ಕೆಯ ದಿನ ಬಂತು. ಅವಳ ಆಟದ ಅಂಗಿಯನ್ನು ನಾನೇ ಹೊಲಿದಿದ್ದೆ. ಬೆಳೆಯುವ ಮಕ್ಕಳ ಬಟ್ಟೆಗೆ ಕೆಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿಯುವುದು ನನ್ನ ರೂಢಿ. ಮಗು ಎತ್ತರವಾದಂತೆ ಮಡಿಕೆ ಬಿಚ್ಚಿದರೆ ಅಂಗಿ ಇನ್ನೊಂದು ವರ್ಷ ಬರುತ್ತದೆ. ಅವಳ ಅಂಗಿಯೂ ಹಾಗೆಯೇ ಇತ್ತು. ಮಡಿಕೆ ಬಿಚ್ಚುವಷ್ಟು ಅವಳಿನ್ನೂ ಬೆಳೆದಿರಲಿಲ್ಲ. ಬೆಳಿಗ್ಗೆ ಅವಳು ತಲೆ ಬಾಚಿಕೊಳ್ಳುತ್ತಿದ್ದಾಗ ನಾನು ಆ ಮಡಿಕೆಯ ಹೊಲಿಗೆ ಕಿತ್ತೆ. ತುದಿ ಮತ್ತೆ ಸಣ್ಣಗೆ ಮಡಿಚಿ ಹೊಲಿದು ಇಸ್ತ್ರಿ ಮಾಡಿದೆ. ಅಂಗಿ ತೊಡೆ ಮುಚ್ಚುವಷ್ಟು ಇಳಿಯಿತು.

ಅವಳು ಹಾಕಿಕೊಂಡು ಕನ್ನಡಿ ನೋಡಿದಳು. "ಅಮ್ಮಾ, ಇದೇನಿದು ನೈಟಿ ಥರ?"

"ಇರಲಿ ಸುಮ್ನಿರು. ನಾಲ್ಕು ಊರಿನ ಜನ ಬಂದಿರ್ತಾರೆ."

"ಹೋಗ್ಲಿ, ಒಳಗೆ ಸಿಕ್ಕಿಸ್ಕೋತೀನಿ."

"ಸಿಕ್ಕಿಸ್ಕೋಬೇಡ. ಹೀಗೇ ಬಿಟ್ಕೊಂಡಿರು. ಮಾತು ಕೊಡು ನನಗೆ. ಇಲ್ದಿದ್ರೆ ಹೋಗೋದೇ ಬೇಡ."

ಬೀದಿಯಲ್ಲಿ ಮೇಷ್ಟ್ರು ಸೈಕಲ್ ಗಂಟೆ ಬಾರಿಸುತ್ತಿದ್ದರು. ಬಸ್ಸಿಗೆ ಹೊತ್ತಾಗುತ್ತಿತ್ತು. "ಆಯ್ತಮ್ಮಾ, ಮಾತು ಕೊಟ್ಟೆ" ಎಂದು ಅವಳು ಓಡಿದಳು.

ಸಂಜೆ ಬಂದಳು. ಚಪ್ಪಲಿ ಬಿಟ್ಟು ಕಾಲು ತೊಳೆದಳು. ಬೆರಳ ಸಂದಿಯಲ್ಲಿ ಮರಳಿತ್ತು.

"ಏನಾಯ್ತು?"

"ಆಗಲಿಲ್ಲಮ್ಮ. ಐದನೆಯವಳಾದೆ."

ಎಷ್ಟರಲ್ಲಿ ತಪ್ಪಿತು, ಹೇಗೆ ತಪ್ಪಿತು ಎಂದು ನಾನು ಕೇಳಲಿಲ್ಲ. ನನ್ನ ಎದೆಯಿಂದ ಏನೋ ಇಳಿದ ಹಾಗಾಗಿತ್ತು. "ಹೋಗಲಿ ಬಿಡು, ಆಗಿದ್ದೆಲ್ಲ ಒಳ್ಳೇದಕ್ಕೇ" ಎಂದೆ. ಬಿಸಿ ಬಿಸಿ ಬಡಿಸಿದೆ. ಅತ್ತೆ ಅವಳ ತಟ್ಟೆಗೆ ಎರಡು ಸಲ ತುಪ್ಪ ಹಾಕಿದರು. ಊಟ ಮಾಡಿ ಎದ್ದವಳು ಆ ಅಂಗಿಯನ್ನು ಒಗೆದು, ಒಣಗಿಸಿ, ಮಡಿಚಿ, ನನ್ನ ಯಂತ್ರದ ಕೆಳಗಿನ ಚಿಂದಿ ಬುಟ್ಟಿಯಲ್ಲಿಟ್ಟಳು. ಮೈದಾನಕ್ಕೆ ಮತ್ತೆ ಹೋಗಲಿಲ್ಲ. ಮೇಷ್ಟ್ರು ಎರಡು ಸಲ ಬಂದು ಕರೆದರು. ಓದು ಜಾಸ್ತಿ ಇದೆ ಸರ್ ಎಂದಳು. ನನಗೂ ಅದೇ ಬೇಕಿತ್ತು.

ಒಳ್ಳೆಯ ಹತ್ತಿ ಬಟ್ಟೆ, ಎಣ್ಣೆ ಚೆನ್ನಾಗಿ ಹೀರುತ್ತಿತ್ತು. ಒಂದು ವರ್ಷ ನಾನು ಆ ಅಂಗಿಯಿಂದಲೇ ಯಂತ್ರ ಒರೆಸಿದೆ.

ಏಳು ವರ್ಷ ಕಳೆಯಿತು. ಮಿಡತೆ ಓದು ಮುಗಿಸಿ ನನ್ನ ಜೊತೆ ಅಂಗಡಿಯಲ್ಲಿ ಕೂರತೊಡಗಿದಳು. ಬಟನ್ ಹಾಕುವುದು, ಬಟನ್ ತೂತಿಗೆ ಕಾಜಾ ಮಾಡುವುದು, ಇಸ್ತ್ರಿ. ಕೆಲಸದಲ್ಲಿ ಕೈ ಚುರುಕು, ಬಾಯಿ ಮಾತ್ರ ಕಡಿಮೆ. ನಮ್ಮ ಓಣಿಯ ಮಿಡತೆ ಈಗ ಹೊಸ್ತಿಲನ್ನು ಎಲ್ಲರಂತೆ ದಾಟುತ್ತಿದ್ದಳು.

ಕಳೆದ ವರ್ಷ ಮೈದಾನಕ್ಕೆ ಹೊಸಬರು ಬಂದರು. ಕುತ್ತಿಗೆಯಲ್ಲಿ ಸೀಟಿ, ಕಾಲಲ್ಲಿ ಸವೆದ ಬೂಟು, ನಲವತ್ತು ದಾಟಿದ ಹೆಂಗಸು. ಕೋಚ್ ಮೇಡಂ. ಮೈದಾನಕ್ಕೆ ಬರುವ ಹುಡುಗಿಯರಿಗೆಲ್ಲ ಆಟದ ಬಟ್ಟೆ ಹೊಲಿಸಬೇಕು ಎಂದು ಮಾದರಿ ಅಂಗಿ ಹಿಡಿದು ನಮ್ಮ ಅಂಗಡಿಗೆ ಬಂದರು. ನಾನು ಅಂಗಿಯನ್ನು ಮೇಜಿನ ಮೇಲೆ ಹರಡಿ ಸೀಮೆಸುಣ್ಣ ಕೈಗೆತ್ತಿಕೊಂಡೆ.

"ಬೆಳೆಯೋ ಮಕ್ಕಳು ಮೇಡಂ. ಕೆಳಗೆ ನಾಲ್ಕು ಬೆರಳು ಮಡಿಕೆ ಬಿಡ್ಲಾ? ಬೇಕಾದಾಗ ಬಿಚ್ಚಿ ಉದ್ದ ಮಾಡ್ಕೋಬಹುದು."

"ಓಡೋರಿಗೆ ಬಿಡಿ. ಲಾಂಗ್ ಜಂಪ್ ಹುಡುಗಿಯರಿಗೆ ಬೇಡ. ಅವರ ಅಂಗಿ ಸೊಂಟಕ್ಕೇ ನಿಲ್ಬೇಕು, ಒಳಗೆ ಸಿಕ್ಕಿಸ್ಕೊಂಡೇ ಹಾರ್ಬೇಕು."

"ಯಾಕೆ ಮೇಡಂ?"

"ಹಾರಿ ಮರಳಲ್ಲಿ ಕೂತಾಗ ಉದ್ದ ಅಂಗಿ ಹಿಂದೆ ಬೀಳುತ್ತೆ. ಮರಳಿಗೆ ತಾಕಿ ಗುರುತು ಮಾಡುತ್ತೆ. ಅಳೆಯೋರು ಹಲಗೆಗೆ ಯಾವ ಗುರುತು ಹತ್ತಿರ ಇದೆಯೋ ಅಲ್ಲಿಂದ ಅಳೀತಾರೆ. ಕಾಲು ಎಷ್ಟೇ ಮುಂದೆ ಹೋಗಿರಲಿ, ಅಂಗಿಯ ಗುರುತೇ ಲೆಕ್ಕ. ನಿಯಮ ಹಾಗಿದೆ."

ನನ್ನ ಹಿಂದೆ ಬಟನ್ ಹಾಕುತ್ತಿದ್ದ ಮಿಡತೆಯ ಕೈ ನಿಂತಿತು. ತಿರುಗಿ ನೋಡಲು ನನಗೆ ಧೈರ್ಯವಾಗಲಿಲ್ಲ. ಎದುರಿನ ಕನ್ನಡಿಯಲ್ಲಿ ನೋಡಿದೆ. ಅವಳು ದಾರವನ್ನು ಹಲ್ಲಿನಲ್ಲಿ ಕಡಿದು ಇನ್ನೊಂದು ಬಟನ್ ಎತ್ತಿಕೊಂಡಳು.

ಮೇಡಂ ಹೊರಡುವಾಗ ಇನ್ನೊಂದು ಮಾತು ಹೇಳಿದರು. "ಮೈದಾನಕ್ಕೆ ಇಷ್ಟು ಹುಡುಗಿಯರು ಬರ್ತಾರೆ, ಕಲಿಸೋ ಹೆಂಗಸು ನಾನೊಬ್ಬಳೇ. ಹಿಂದೆ ಆಡಿದ ಹುಡುಗಿಯರು ಯಾರಾದ್ರೂ ಇದ್ರೆ ಹೇಳಿ. ಎರಡು ತಿಂಗಳು ಕೋಚ್ ತರಬೇತಿ ಕೊಡ್ತಾರೆ, ಆಮೇಲೆ ಇಲ್ಲೇ ಕೆಲಸ. ಶನಿವಾರದೊಳಗೆ ಹೆಸರು ಕಳಿಸ್ಬೇಕು."

ಅವರು ಹೋದ ಮೇಲೆ ಕೋಣೆಯಲ್ಲಿ ನಾವಿಬ್ಬರೇ.

"ಅವತ್ತು ನಿನ್ನ ಅಂಗಿ ಮರಳಿಗೆ ತಾಕಿತ್ತಾ?" ಎಂದು ಕೇಳಿದೆ.

"ಯಾವತ್ತು?"

"ಯಾವತ್ತು ಅಂತ ನಿನಗೆ ಗೊತ್ತು."

ಅವಳು ಸೂಜಿಯನ್ನು ದಾರದುಂಡೆಗೆ ಚುಚ್ಚಿಟ್ಟಳು. "ತಾಕಿತ್ತಮ್ಮ. ಮೂರು ಸಲ ಹಾರೋಕೆ ಬಿಡ್ತಾರೆ. ಮೊದಲನೇದು ಹಲಗೆ ದಾಟಿ ಕಾಲಿಟ್ಟೆ, ರದ್ದಾಯ್ತು. ಎರಡನೇದು ಚೆನ್ನಾಗಿ ಹೋಯ್ತು. ಎದ್ದು ತಿರುಗಿ ನೋಡ್ತೀನಿ, ಅಳೆಯೋರು ನಾನು ಕೂತ ಗುರುತು ಬಿಟ್ಟು ಹಿಂದೆ ಟೇಪ್ ಇಟ್ಟಿದ್ದಾರೆ. ಅಂಗಿ ಗುರುತು. ನಾಲ್ಕು ಬೆರಳು ಹಿಂದೆ ಇತ್ತು."

"ಎಷ್ಟಕ್ಕೆ ತಪ್ಪಿತು?"

"ಮೂರು ಬೆರಳಿಗೆ."

ಮೂವತ್ತು ವರ್ಷ ಬೆರಳಲ್ಲಿ ಬಟ್ಟೆ ಅಳೆದವಳಿಗೆ ಮೂರು ಬೆರಳು ಎಷ್ಟು, ನಾಲ್ಕು ಬೆರಳು ಎಷ್ಟು ಎಂದು ಯಾರೂ ಹೇಳಿಕೊಡಬೇಕಾಗಿಲ್ಲ.

"ಮೇಷ್ಟ್ರು ಇದ್ರಲ್ಲ, ಅವರು ಹೇಳಲಿಲ್ವಾ?"

"ದೂರ ನಿಂತು ಏನೋ ಕೈಸನ್ನೆ ಮಾಡಿದ್ರು. ನನಗೆ ಅರ್ಥ ಆಗಲಿಲ್ಲ. ಹುಡುಗಿ ಬಟ್ಟೆ ವಿಷಯ ಹೇಗೆ ಹೇಳೋದು ಅಂತ ಬಾಯಿ ಕಟ್ಟಿಹೋಯ್ತಮ್ಮಾ ಅಂತ ವಾಪಸ್ ಬರುವಾಗ ಬಸ್ಸಲ್ಲಿ ಅಂದ್ರು. ಅವರ ಕಣ್ಣಲ್ಲಿ ನೀರಿತ್ತು."

"ಮೂರನೇ ಸಲ? ಅಷ್ಟು ಹೊತ್ತಿಗೆ ನಿನಗೆ ತಿಳಿದಿತ್ತಲ್ಲ. ಸಿಕ್ಕಿಸ್ಕೋಬೇಕಿತ್ತು!"

"ನಿನಗೆ ಮಾತು ಕೊಟ್ಟಿದ್ದೆನಲ್ಲ." ಅವಳು ಆಗ ತಲೆ ಎತ್ತಿ ನನ್ನ ಮುಖ ನೋಡಿದಳು. "ಒಂದು ಕೈಲಿ ಅಂಗಿ ಹಿಡ್ಕೊಂಡು ಓಡಿದೆ. ಒಂದು ಕೈ ಬೀಸದೆ ಓಡಿದ್ರೆ ವೇಗ ಬರಲ್ಲಮ್ಮ. ನೋಡೋಕೆ ಬಂದವರು ನಕ್ಕರು."

ಯಂತ್ರದ ಚಕ್ರ ಬಿಸಿಲಿಗೆ ಹೊಳೆಯುತ್ತಿತ್ತು. ಅದನ್ನು ಒರೆಸಿದ ಬಟ್ಟೆ ನೆನಪಾಗಿ ಅತ್ತ ನೋಡಲಾರದೆ ಹೋದೆ.

"ಇಷ್ಟು ವರ್ಷ ಒಂದು ಮಾತು ಹೇಳಬಾರದಿತ್ತಾ ಕಂದಾ?"

"ಅವತ್ತು ನಾನು ಸೋತು ಬಂದಾಗ ನೀನು ಖುಷಿಯಾಗಿದ್ದೆ" ಎಂದಳು. ದನಿಯಲ್ಲಿ ಸಿಟ್ಟಿರಲಿಲ್ಲ. ಇದ್ದಿದ್ದರೆ ನನಗೆ ಹಗುರವಾಗುತ್ತಿತ್ತು. "ಅಜ್ಜಿ ಎರಡು ಸಲ ತುಪ್ಪ ಹಾಕಿದ್ರು. ಅದನ್ನ ಯಾಕೆ ಹಾಳು ಮಾಡ್ಲಿ ಅನ್ನಿಸ್ತು."

ಮಧ್ಯಾಹ್ನ ನಾನು ಯಂತ್ರ ತುಳಿಯಲಿಲ್ಲ. ಸಂಜೆ ಗಂಡ ಗ್ಯಾರೇಜಿನಿಂದ ಬಂದ ಕೂಡಲೇ ನರ್ಸಕ್ಕನನ್ನೂ ಕರೆತಂದೆ. ಎಲ್ಲರೂ ಅಡುಗೆಮನೆಯಲ್ಲೇ ಕೂತೆವು. ನಡೆದದ್ದನ್ನೆಲ್ಲ ಹೇಳಿದೆ. ತರಬೇತಿಯ ವಿಷಯವನ್ನೂ ಹೇಳಿದೆ. ಮೊದಲು ಬೇಡ ಎಂದವಳು ಮಿಡತೆಯೇ.

"ನನಗೆ ಈಗ ಇಪ್ಪತ್ತೆರಡು. ಏಳು ವರ್ಷ ಆಯ್ತು ಮರಳು ಮುಟ್ಟಿ. ಯಾರಿಗೆ ಏನು ಕಲಿಸಲಿ? ಸೋತವಳ ಹತ್ರ ಯಾರು ಕಲೀತಾರೆ?"

"ಅಂಗಿ ಒಳಗೆ ಸಿಕ್ಕಿಸ್ಕೋ ಅಂತ ಹೇಳೋಕೆ ನಿನಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದರು ನರ್ಸಕ್ಕ. ಮಿಡತೆ ತಲೆ ತಗ್ಗಿಸಿದಳು. ನರ್ಸಕ್ಕ ಮೆಲ್ಲಗೆ ಮುಂದುವರಿಸಿದರು, "ನಮ್ಮ ಕೇಂದ್ರಕ್ಕೆ ಬರೋ ಹುಡುಗಿಯರು ಹೇಳ್ತಾರೆ. ಆಟ ಇಷ್ಟ, ಆದ್ರೆ ಹೊಟ್ಟೆನೋವು ಅಂತ ಮೇಷ್ಟ್ರಿಗೆ ಹೇಗೆ ಹೇಳೋದು, ಒಳಉಡುಪು ಸರಿಯಿಲ್ಲ ಅಂತ ಯಾರಿಗೆ ಹೇಳೋದು ಅಂತ. ಹೇಳೋಕಾಗದೆ ಬಿಟ್ಟುಬಿಡ್ತಾರೆ. ಒಬ್ಬ ಅಕ್ಕ ಅಲ್ಲಿದ್ರೆ ಹೇಳ್ತಾರೆ."

ಅತ್ತೆ ಮೂಲೆಯಿಂದ ಕೆಮ್ಮಿದರು. "ಅದೆಲ್ಲ ಸರಿ. ಮದುವೆ ವಯಸ್ಸಿನ ಹುಡುಗಿ ಎರಡು ತಿಂಗಳು ಹೊರಗಿದ್ದು ಬಂದ್ರೆ ಯಾರು ಕೇಳ್ಕೊಂಡು ಬರ್ತಾರೆ?"

"ನಾನು ಮೂರು ವರ್ಷ ಹಾಸ್ಟೆಲ್‌ನಲ್ಲಿದ್ದು ನರ್ಸ್ ಆದೆ ಅಜ್ಜಿ. ನನ್ನ ಗಂಡ ಕೇಳ್ಕೊಂಡು ಬಂದ್ರಲ್ಲ. ಬರದೇ ಇದ್ದಿದ್ರೇ ಚೆನ್ನಾಗಿತ್ತು ಅನ್ನೋದು ಬೇರೆ ಮಾತು."

ಎಲ್ಲರೂ ನಕ್ಕರು. ಅತ್ತೆ ಮಾತ್ರ ನಗಲೂ ಇಲ್ಲ, ಸೋಲಲೂ ಇಲ್ಲ. "ಜಾಗ ಹೇಗಿರುತ್ತೋ, ಎಂಥವರಿರ್ತಾರೋ."

"ಅದು ಸರಿಯಾದ ಪ್ರಶ್ನೆ. ಎಲ್ಲ ಮನೆಯವರೂ ಕೇಳ್ಬೇಕು. ಮಲಗೋ ಕೋಣೆಗೆ, ಶೌಚಾಲಯಕ್ಕೆ ಚಿಲಕ ಇದೆಯಾ, ಜೊತೆಗೆ ಹೆಂಗಸರು ಯಾರಿರ್ತಾರೆ, ತೊಂದರೆ ಆದ್ರೆ ಯಾರಿಗೆ ಹೇಳೋದು? ಇವರಪ್ಪ ಮೊದಲ ದಿನವೇ ಹೋಗಿ ನೋಡ್ಕೊಂಡು ಬರಲಿ. ಬರಬೇಡಿ ಅಂತ ಯಾವ ಜಾಗದವರಾದ್ರೂ ಹೇಳಿದ್ರೆ ಆ ಜಾಗವೇ ಬೇಡ. ಇದು ಕಲಿಯೋಕೆ ಹೋಗೋ ದೊಡ್ಡವರಿಗೂ ಅಷ್ಟೇ, ಮೈದಾನಕ್ಕೆ ಹೋಗೋ ಪುಟ್ಟ ಮಕ್ಕಳಿಗೂ ಅಷ್ಟೇ. ಕೋಚ್ ಗಂಡಸೇ ಇರಲಿ ಹೆಂಗಸೇ ಇರಲಿ, ಮಗು ಒಂದನ್ನೇ ಮುಚ್ಚಿದ ಕೋಣೆಗೆ ಕರೀಬಾರದು."

ನರ್ಸಕ್ಕ ಅತ್ತೆಯ ಕಡೆ ತಿರುಗಿದರು. "ಅಜ್ಜಿ, ಹೋದ ಚಳಿಗಾಲದಲ್ಲಿ ನಿಮಗೆ ಎದ್ದು ನಿಲ್ಲೋಕೆ ಆಗ್ತಿರಲಿಲ್ಲ. ನಾನು ಹೇಳಿದ ಮಂಡಿ ವ್ಯಾಯಾಮನ ದಿನಾ ಮಾಡಿಸಿದ್ದು ಯಾರು?"

"ಇವಳೇ." ಅತ್ತೆ ಮೊಣಕಾಲು ಸವರಿಕೊಂಡರು. "ಬಿಡ್ತಿರಲಿಲ್ಲ ಮಾರಾಯ್ತಿ. ಇನ್ನೊಂದ್ಸಲ ಅಜ್ಜಿ, ಇನ್ನೊಂದೇ ಸಲ ಅಜ್ಜಿ ಅಂತ ಪ್ರಾಣ ತಿಂದುಬಿಟ್ಲು."

"ಅದಕ್ಕೇ ಕೋಚ್ ಅಂತಾರೆ."

ಅತ್ತೆ ಕಾಲು ಚಾಚಿಕೊಂಡು ಹೇಳಿದರು, "ಮೊಂಡು ಮುದುಕಿಗೇ ಕಲಿಸಿದೋಳು, ಮಕ್ಕಳಿಗೆ ಕಲಿಸಲ್ವಾ. ಹೋಗಲಿ."

ಅಷ್ಟರವರೆಗೆ ನನ್ನ ಗಂಡ ಉಗುರಿನ ಕಪ್ಪು ಎಣ್ಣೆ ಉಜ್ಜಿಕೊಳ್ಳುತ್ತ ಕೂತಿದ್ದರು. "ಆಗ ನಾನು ಹೋಗಲಿ ಬಿಡು ಅಂತ ಹೇಳಿ ಸ್ನಾನಕ್ಕೆ ಹೋದೆ" ಎಂದರು. "ಜೊತೆಗೆ ಹೋಗಿದ್ರೆ, ನಾನೇ ನಿಂತು ನೋಡಿದ್ರೆ, ಅಂಗಿ ಸಿಕ್ಕಿಸ್ಕೋ ಮಗಳೇ ಅಂತ ನಾನಾದ್ರೂ ಕೂಗಿ ಹೇಳ್ತಿದ್ದೆ. ಅಪ್ಪನಿಗೆ ಏನು ನಾಚಿಕೆ?" ಮಗಳ ಕಡೆ ನೋಡದೆ ಎದ್ದು ಬಚ್ಚಲಿಗೆ ನಡೆದರು. ಅಂದು ನೀರಿನ ಸದ್ದು ಬಹಳ ಹೊತ್ತು ಕೇಳಿಸಿತು.

ನಾನು ಮಗಳ ಕೈ ಹಿಡಿದೆ. "ಅವತ್ತು ನೀನು ನನಗೊಂದು ಮಾತು ಕೊಟ್ಟಿದ್ದೆ. ಅದನ್ನ ನಿನಗೆ ವಾಪಸ್ ಕೊಟ್ಟೆ. ಈಗ ನಿನಗೆ ಇಷ್ಟ ಇದ್ರೆ ಹೋಗು, ಇಲ್ದಿದ್ರೆ ಬೇಡ. ನನ್ನ ಸಲುವಾಗಿ ಹೂಂ ಅನ್ನಬೇಡ."

ಶುಕ್ರವಾರದವರೆಗೆ ಅವಳು ಎಂದಿನಂತೆ ಬಟನ್ ಹಾಕಿದಳು. ಶನಿವಾರ ಬೆಳಿಗ್ಗೆ ನಾನು ಎದ್ದಾಗ ಕತ್ತರಿಸುವ ಮೇಜಿನ ಮೇಲೆ ಅವಳದೊಂದು ಹಳೆಯ ಅಂಗಿ ಇತ್ತು. ಕೆಳಗಿನ ಅಂಚಿಗೆ ಸೀಮೆಸುಣ್ಣದ ಗೆರೆ ಎಳೆದಿದ್ದಳು. "ಅಮ್ಮಾ, ಇಲ್ಲಿಗೆ ಕತ್ತರಿಸಿ ಹೊಲಿದು ಕೊಡ್ತೀಯಾ?" ಎಂದಳು. ಕತ್ತರಿಸಿ ಹೊಲಿದೆ, ಅವಸರದಲ್ಲಿ ಅಂಚು ಸ್ವಲ್ಪ ಸೊಟ್ಟಗಾಯಿತು. ಅವಳು ಹಾಗೆಯೇ ಹಾಕಿಕೊಂಡು ಹೋಗಿ ಹೆಸರು ಬರೆಸಿ ಬಂದಳು.

ಎರಡು ತಿಂಗಳ ನಂತರ ಅವಳ ಕುತ್ತಿಗೆಗೂ ಸೀಟಿ ಬಂತು. ನಾನು ಮೊದಲ ಸಲ ಆ ನೂರು ಹೆಜ್ಜೆ ನಡೆದು ಮೈದಾನಕ್ಕೆ ಹೋದೆ. ಗೋಡೆಯ ಮೇಲೆ ಇನ್ನೂ ಹುಡುಗರು ಕೂರುತ್ತಿದ್ದರು. ಆದರೆ ಈಗ ಗೋಡೆಯ ಈಚೆ ನಾಲ್ಕೈದು ತಾಯಂದಿರೂ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ನಡುವೆ ದಿನಸಿ ಅಂಗಡಿಯಾಕೆ. ಮೊಮ್ಮಗಳನ್ನು ಕರೆತಂದಿದ್ದಳು. ನನ್ನನ್ನು ಕಂಡು, "ಏನಿದ್ರೂ ನಿನ್ನ ಮಗಳ ಕೈಲಿದ್ರೆ ಧೈರ್ಯ ಕಣಮ್ಮಾ" ಎಂದಳು. ನನ್ನ ಬಾಯಿಗೆ ಏನೇನೋ ಬಂತು. ನುಂಗಿಕೊಂಡು ಪಕ್ಕದ ಕುರ್ಚಿಯಲ್ಲಿ ಕೂತೆ. ಅವಳು ಒಂದು ಮಾತು ಆಡಿದ್ದಳು, ನಿಜ. ಕತ್ತರಿ ಹಿಡಿದು ಹೊಲಿಗೆ ಕಿತ್ತವಳು ನಾನು.

ಮಿಡತೆ ಪ್ರತಿ ಹುಡುಗಿಯ ಅಂಗಿಯನ್ನೂ ನೋಡುತ್ತಾಳೆ. "ಸಿಕ್ಕಿಸ್ಕೋ ಪುಟ್ಟೀ. ಹಿಂದೆನೂ" ಎನ್ನುತ್ತಾಳೆ. ಯಾವಳಾದರೂ ಹೊಟ್ಟೆ ಹಿಡಿದು ನಿಂತರೆ ಪಕ್ಕಕ್ಕೆ ಕರೆದು ಪಿಸುಗುಟ್ಟಿ ಕೇಳುತ್ತಾಳೆ. ವಾರಕ್ಕೆ ಎರಡು ದಿನ ನಾನು ಅಂಗಡಿ ಮುಚ್ಚಿ ಹೋಗಿ ಟೇಪಿನ ಒಂದು ತುದಿ ಹಿಡಿಯುತ್ತೇನೆ. ಅದೊಂದು ನನಗೆ ಬರುವ ಕೆಲಸ.

ಒಂದು ದಿನ ಹುಡುಗಿಯರೆಲ್ಲ ಹೋದ ಮೇಲೆ ನಾನು ಟೇಪು ಸುತ್ತುತ್ತ ಕೂತಿದ್ದೆ. ಹಿಂದೆ ಯಾರೋ ಓಡಿದ ಸದ್ದು. ತಿರುಗುವಷ್ಟರಲ್ಲಿ ಮಿಡತೆ ಹಲಗೆ ಮೆಟ್ಟಿ ಮೇಲೆದ್ದಿದ್ದಳು. ನನ್ನ ಮಗಳು ಹಾರುವುದನ್ನು ನಾನು ಕಂಡದ್ದು ಅದೇ ಮೊದಲು. ಹೆತ್ತವಳು, ಇಪ್ಪತ್ತೆರಡು ವರ್ಷ ಕಳೆದ ಮೇಲೆ, ಮೊದಲ ಸಲ. ಗಾಳಿಯಲ್ಲಿ ಅವಳ ಎರಡು ಕೈಗಳೂ ಬೀಸುತ್ತಿದ್ದವು.

ಮರಳಲ್ಲಿ ಕೂತವಳು ಹಾಗೆಯೇ ನಗುತ್ತಿದ್ದಳು. ನಾನು ಟೇಪು ಬಿಚ್ಚಿಕೊಂಡು ಓಡಿದೆ. "ತಡಿ, ಏಳಬೇಡ, ಗುರುತು ಅಳಿಸ್ಬೇಡ. ಎಷ್ಟಾಯ್ತು ನೋಡ್ತೀನಿ."

ಅವಳು ಎದ್ದು ಅಂಗಿಯ ಮರಳು ಕೊಡವಿಕೊಂಡಳು. "ಬೇಡಮ್ಮ" ಎಂದಳು. "ಈಗ ಅಳೆದು ಏನು ಮಾಡೋದು?"

ಮೂಲೆಯಲ್ಲಿದ್ದ ಹಲ್ಲುಹಲ್ಲಿನ ಹಲುಬೆ ತಂದು ಮರಳನ್ನು ಎಳೆದು ಸಮ ಮಾಡಿದಳು. ನಾನು ಟೇಪು ಹಿಡಿದು ನಿಂತೇ ಇದ್ದೆ. ಅವಳು ಬಿದ್ದ ಗುರುತು ನನ್ನ ಕಣ್ಣೆದುರೇ ಅಳಿಸಿಹೋಯಿತು. ನಾಳೆ ಬೆಳಿಗ್ಗೆ ಪುಟ್ಟ ಹುಡುಗಿಯರು ಬಂದಾಗ ಮರಳು ಚೊಕ್ಕವಾಗಿರಬೇಕಲ್ಲ.

ಅಕ್ಕಂದಿರೇ, ಅಣ್ಣಂದಿರೇ, ನನ್ನ ಕೈಯಲ್ಲಿ ಉಳಿದದ್ದು ಆ ಖಾಲಿ ಟೇಪು. ನಿಮ್ಮ ಕೈಯಲ್ಲಿ ಇನ್ನೂ ಹೊತ್ತಿದೆ. ನಿಮ್ಮ ಮಗಳು ಎಲ್ಲಿ ಆಡುತ್ತಾಳೋ ಅಲ್ಲಿಗೆ ಈ ವಾರವೇ ಒಮ್ಮೆ ಹೋಗಿ, ಅವಳು ಆಡುವುದನ್ನು ಕಣ್ಣಾರೆ ನೋಡಿ. ಅಲ್ಲಿ ಕಲಿಸುವ ಹೆಂಗಸು ಇದ್ದಾಳೆಯೇ, ಚಿಲಕವಿರುವ ಶೌಚಾಲಯ ಇದೆಯೇ ಎಂದು ನಾಚದೆ ಕೇಳಿ, ಇಲ್ಲದಿದ್ದರೆ ನಾಲ್ಕು ಮನೆಯವರು ಸೇರಿ ಶಾಲೆಗೆ ಹೋಗಿ ಬೇಕೆಂದು ಹೇಳಿ. ಆಡಿ ಬಿಟ್ಟ ಅಕ್ಕತಂಗಿಯರು ನಿಮ್ಮ ಮನೆಯಲ್ಲೂ ಇರಬಹುದು, ಬಟನ್ ಹಾಕುತ್ತಲೋ ಪಾತ್ರೆ ತೊಳೆಯುತ್ತಲೋ ಸುಮ್ಮನೆ ಕೂತಿರಬಹುದು. ಅವರನ್ನು ಕರೆಯಿರಿ, ಮಕ್ಕಳಿಗೆ ಅವರು ಬೇಕು. ಮಗಳು ಸೋತು ಬಂದ ದಿನ ಊಟ ಬಡಿಸುವ ಮೊದಲು, ಏನಾಯ್ತು ಎಂದು ಪೂರ್ತಿ ಕೇಳಿ.

ಮತ್ತೆ, ಅವಳ ಅಂಗಿಯನ್ನು ಅವಳ ಅಳತೆಗೇ ಹೊಲಿಸಿ. ಓಣಿಯ ಅಳತೆಗೆ ಬೇಡ.